ಕೊರೋನಾ ಮತ್ತು ಲಕ್ವ: ಸಂಘದ ಮಹಿಳೆಯರು ತಿಳಿದಿರಬೇಕಾದ ಸಂಗತಿಗಳು



ರಾರಾವಿ, ಸಿರುಗುಪ್ಪ, ಕುರುಗೋಡು ಕಡೆಯ ಸಂಘಗಳ ಸಭೆಗೆ ನಾವು ಬಂದಾಗಲೆಲ್ಲ ನೀವು ಕೇಳುವ ಒಂದು ಪ್ರಶ್ನೆ ಇದೆ. "ಸಿಸ್ಟರ್, ಕೊರೋನಾ ಬಂದು ಹೋದ ಮ್ಯಾಲೆ ನಮ್ಮ ಮನ್ಯಾಗ ಹಿಂಗಾತು ನೋಡ್ರಿ. ಕೈಕಾಲು ಬಿದ್ದು ಹೋದವು. ಅದರಿಂದಾನೇ ಬಂತಾ?" ಕೆಲವರು ಇದೇ ಪ್ರಶ್ನೆಯನ್ನು ಲಸಿಕೆಯ ಬಗ್ಗೆ ಕೇಳುತ್ತಾರೆ. ಸಾಲದ ಪುಸ್ತಕ ತೆಗೆದು ನೋಡಿದರೂ ಗೊಬ್ಬರ, ಎಮ್ಮೆ, ಹೊಲಿಗೆ ಮಿಷನ್ನಿನ ಜೊತೆಗೆ "ಯಜಮಾನರ ಲಕ್ವ ಚಿಕಿತ್ಸೆಗೆ" ಎಂದು ಬರೆದಿರುವುದು ಕಾಣುತ್ತದೆ. ದುಡಿಯುವ ಒಬ್ಬರು ಮಲಗಿದರೆ ಮನೆಯ ಇನ್ನೊಬ್ಬರು ಕೂಲಿ ಬಿಡಬೇಕಾಗುತ್ತದೆ. ಆ ಇನ್ನೊಬ್ಬರು ಹೆಚ್ಚಾಗಿ ಹೆಂಡತಿ, ಇಲ್ಲವೇ ಶಾಲೆ ಬಿಟ್ಟ ಮಗಳು. ಆದ್ದರಿಂದ ಈ ಸಲ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಓದು ಬಾರದ ಸದಸ್ಯೆಯರಿಗೆ ದಯವಿಟ್ಟು ಸಭೆಯಲ್ಲಿ ಓದಿ ಹೇಳಿರಿ.

ಲಕ್ವ ಎಂದರೇನು?

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಂದು ಹಲವು ಹೆಸರು ಇರುವ ಈ ಕಾಯಿಲೆ ಶುರುವಾಗುವುದು ಕೈಯಲ್ಲೂ ಅಲ್ಲ, ಕಾಲಲ್ಲೂ ಅಲ್ಲ, ತಲೆಯ ಒಳಗೆ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೈ ಬಿದ್ದಿದೆ ಎಂದು ಕೈಗೆ ಎಣ್ಣೆ ತಿಕ್ಕುತ್ತೇವೆ. ಆದರೆ ಕೈ ಚೆನ್ನಾಗಿಯೇ ಇರುತ್ತದೆ, ಅದನ್ನು ಆಡಿಸುವ ಮೆದುಳಿನ ಭಾಗಕ್ಕೆ ಪೆಟ್ಟಾಗಿರುತ್ತದೆ.

ನಮ್ಮ ಭತ್ತದ ಗದ್ದೆಗೆ ಕಾಲುವೆ ನೀರು ಬರುವ ಹಾಗೆ ಮೆದುಳಿಗೆ ರಕ್ತನಾಳಗಳ ಮೂಲಕ ರಕ್ತ ಬರುತ್ತದೆ. ತೂಬಿನಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಗದ್ದೆ ಒಣಗುತ್ತದೆ. ಹಾಗೆಯೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ ಅದರ ಮುಂದಿನ ಮೆದುಳಿನ ಭಾಗ ಸಾಯತೊಡಗುತ್ತದೆ. ಇದು ಒಂದು ಬಗೆ, ಹೆಚ್ಚಿನವರಿಗೆ ಆಗುವುದು ಇದೇ. ಕಾಲುವೆಯ ಏರಿಯೇ ಒಡೆದ ಹಾಗೆ ನಾಳ ಒಡೆದು ರಕ್ತ ಹೊರಗೆ ಸುರಿಯುವುದು ಇನ್ನೊಂದು ಬಗೆ. ಬಿ.ಪಿ. ಬಹಳ ಏರಿದವರಲ್ಲಿ ಇದು ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಒಂದಕ್ಕೆ ಹೆಪ್ಪು ಕರಗಿಸುವ ಔಷಧಿ ಬೇಕು, ಇನ್ನೊಂದಕ್ಕೆ ಅದೇ ಔಷಧಿ ಕೊಟ್ಟರೆ ಪ್ರಾಣಕ್ಕೇ ಅಪಾಯ. ತಲೆಯ ಸಿ.ಟಿ. ಸ್ಕ್ಯಾನ್ ಮಾಡದೆ ಯಾವ ಬಗೆ ಎಂದು ದೊಡ್ಡ ಡಾಕ್ಟರರೂ ಹೇಳಲಾರರು. ಹೀಗಿರುವಾಗ ಮನೆಯಲ್ಲಿ, ಅಂಗಡಿಯಲ್ಲಿ, ಯಾರದೋ ಮಾತು ಕೇಳಿ ಮಾತ್ರೆ ಕೊಡುವುದು ಎಂಥ ಅಪಾಯ ಎಂಬುದನ್ನು ನೀವೇ ಯೋಚಿಸಿ.

ಕೊರೋನಾಕ್ಕೂ ಇದಕ್ಕೂ ಏನು ಸಂಬಂಧ?

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯಲ್ಲಿ ಆಯಿತು. ಆಗ ನಾವೆಲ್ಲ ಇದು ಶ್ವಾಸಕೋಶದ ಕಾಯಿಲೆ ಎಂದೇ ತಿಳಿದಿದ್ದೆವು. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಅಷ್ಟೇ. ಆದರೆ ಕಾಯಿಲೆ ಮೊದಲು ಕಾಣಿಸಿಕೊಂಡ ಚೀನಾದ ವುಹಾನ್ ನಗರದ ವೈದ್ಯರು ಆಸ್ಪತ್ರೆ ಸೇರಿದ್ದ 214 ರೋಗಿಗಳನ್ನು ನೋಡಿದಾಗ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆಸುತ್ತು, ತಲೆನೋವು, ವಾಸನೆ ತಿಳಿಯದಿರುವುದು, ಪ್ರಜ್ಞೆ ಮಂಕಾಗುವುದು ಹೀಗೆ ನರ ಅಥವಾ ಮೆದುಳಿಗೆ ಸಂಬಂಧಿಸಿದ ಯಾವುದಾದರೂ ತೊಂದರೆ ಇತ್ತು. ಕೆಲವರಿಗೆ ಲಕ್ವವೂ ಆಗಿತ್ತು.

ಹೀಗೇಕೆ? ಕೊರೋನಾ ವೈರಸ್ ದೇಹಕ್ಕೆ ಹೊಕ್ಕಾಗ ದೇಹ ಅದರ ಮೇಲೆ ಜಗಳಕ್ಕೆ ನಿಲ್ಲುತ್ತದೆ. ಕೆಲವರಲ್ಲಿ ಈ ಜಗಳ ಅತಿಯಾಗುತ್ತದೆ. ಆಗ ರಕ್ತನಾಳಗಳ ಒಳಪದರಕ್ಕೆ ಉರಿಯೂತ ಬಂದು ಅದು ಒರಟಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಇದರ ಜೊತೆಗೆ ಜ್ವರದಿಂದ ದೇಹದ ನೀರು ಆರುವುದು, ದಿನಗಟ್ಟಲೆ ಮಲಗೇ ಇರುವುದು, ಹೃದಯದ ಬಡಿತ ತಪ್ಪುವುದು ಎಲ್ಲ ಸೇರಿಕೊಳ್ಳುತ್ತವೆ. ಹೀಗೆ ಆದ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು, ಹೃದಯಕ್ಕೆ ಹೋಗಬಹುದು, ಮೆದುಳಿಗೂ ಹೋಗಬಹುದು. 2021ರಲ್ಲಿ ಕೊರೋನಾ ವಾರ್ಡಿನಲ್ಲಿ ಇದ್ದು ಬಂದವರಿಗೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಒಂದು ಇಂಜೆಕ್ಷನ್ ನೆನಪಿರಬಹುದು. "ಕೆಮ್ಮಿಗೆ ಹೊಟ್ಟೆಗ್ಯಾಕೆ ಚುಚ್ಚುತಾರೆ?" ಎಂದು ಬಹಳ ಜನ ಕೇಳಿದ್ದರು. ಅದು ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಿದ್ದ ಔಷಧಿ.

ಆದರೂ ಒಂದು ಮಾತು ಸ್ಪಷ್ಟವಾಗಿರಲಿ. ಕೊರೋನಾ ಬಂದವರಿಗೆಲ್ಲ ಲಕ್ವ ಬರುವುದಿಲ್ಲ. ಆಸ್ಪತ್ರೆ ಸೇರುವಷ್ಟು ಜೋರಾಗಿ ಬಂದ 100 ಜನರಲ್ಲಿ ಸುಮಾರು ಒಬ್ಬರಿಗೆ ಅಥವಾ ಇಬ್ಬರಿಗೆ ಲಕ್ವ ಆಗಿದೆ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವು. ಸ್ವೀಡನ್ ದೇಶದಲ್ಲಿ ಸುಮಾರು 86 ಸಾವಿರ ಕೊರೋನಾ ರೋಗಿಗಳ ದಾಖಲೆ ನೋಡಿ 2021ರಲ್ಲಿ ತಿಳಿಸಿದ ಪ್ರಕಾರ, ಕೊರೋನಾ ಬಂದ ಮೊದಲ ಎರಡು ವಾರಗಳಲ್ಲಿ ಹೆಪ್ಪಿನಿಂದಾಗುವ ಲಕ್ವದ ಅಪಾಯ ಮಾಮೂಲಿಗಿಂತ 3ರಿಂದ 6 ಪಟ್ಟು ಹೆಚ್ಚಿತ್ತು. ಆಮೇಲಿನ ವಾರಗಳಲ್ಲಿ ಅದು ಇಳಿಯುತ್ತಾ ಬಂತು. ಆದ್ದರಿಂದ ಕೊರೋನಾ ಇದ್ದಾಗ ಅಥವಾ ವಾಸಿಯಾದ ಕೆಲವೇ ವಾರಗಳಲ್ಲಿ ಕೈ ಬಿದ್ದಿದ್ದರೆ "ಅದರಿಂದ ಬಂದಿರಬಹುದು" ಎನ್ನಬಹುದು. ಮೂರು ವರ್ಷದ ಮೇಲೆ ಆದ ಲಕ್ವಕ್ಕೂ ಕೊರೋನಾವನ್ನೇ ದೂರಿ, ಬಿ.ಪಿ. ಮಾತ್ರೆ ನಿಲ್ಲಿಸಿದ್ದನ್ನು ಮರೆತರೆ ಪ್ರಯೋಜನವಿಲ್ಲ.

ಹೆದರಿಕೆ ಮಾಡಿದ ಹಾನಿ

ವೈರಸ್ ಮಾಡಿದ ಹಾನಿ ಒಂದಾದರೆ ಹೆದರಿಕೆ ಮಾಡಿದ್ದು ಇನ್ನೊಂದು. ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. 2020ರ ಜೂನ್ ತಿಂಗಳಲ್ಲಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ನೌಕರರಲ್ಲಿ ಕಾಯಿಲೆ ಹರಡಿತು. ಅದೇ ತಿಂಗಳ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೊರೋನಾದಿಂದ ತೀರಿಕೊಂಡವರ ಶವಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೋ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಹರಿದಾಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಅದನ್ನು ನೋಡಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ "ಸತ್ತರೂ ಮನ್ಯಾಗ ಸಾಯ್ತೀವಿ, ದವಾಖಾನಿಗೆ ಬರಂಗಿಲ್ಲ" ಎನ್ನುವ ಮಾತು ಬಂತು. ನಾವು ಮನೆ ಮನೆಗೆ ಹೋದಾಗ ಬಾಗಿಲು ತೆರೆಯದ ಮನೆಗಳೂ ಇದ್ದವು. ಅವರನ್ನು ಬೈಯಲು ನಮಗೆ ಮನಸ್ಸು ಬರಲಿಲ್ಲ. ಟೆಸ್ಟ್ ಮಾಡಿದರೆ ಎಳೆದುಕೊಂಡು ಹೋಗುತ್ತಾರೆ, ಮುಖ ನೋಡಲೂ ಬಿಡುವುದಿಲ್ಲ ಎಂಬ ಭಯ ಸುಳ್ಳಿನಿಂದ ಹುಟ್ಟಿದ್ದಲ್ಲ, ಕಣ್ಣಾರೆ ಕಂಡಿದ್ದರಿಂದ ಹುಟ್ಟಿದ್ದು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆ ವ್ಯವಸ್ಥೆಗೆ 2020ರಲ್ಲಿ ಎರಡೇ ವಾರದಲ್ಲಿ 50 ವರ್ಷದೊಳಗಿನ 5 ಮಂದಿ ಕೊರೋನಾ ರೋಗಿಗಳು ದೊಡ್ಡ ರಕ್ತನಾಳ ಮುಚ್ಚಿ ಲಕ್ವವಾಗಿ ಬಂದರು. ಅವರಲ್ಲಿ ಒಬ್ಬಾಕೆ 33 ವರ್ಷದವರು. ಮಾತು ತೊದಲಿ, ಎಡಗೈ ಎಡಗಾಲು ಸೋತು ಒಂದು ದಿನಕ್ಕೂ ಹೆಚ್ಚು ಹೊತ್ತು ಆಕೆ ಮನೆಯಲ್ಲೇ ಇದ್ದರು. ಕಾರಣ ಕೇಳಿದರೆ ಅದೇ, ಆಸ್ಪತ್ರೆಗೆ ಹೋದರೆ ಕೊರೋನಾ ಹತ್ತೀತು ಎಂಬ ಭಯ. ಅಷ್ಟು ಓದಿದವರ, ಅಷ್ಟು ಸೌಲಭ್ಯದ ಊರಿನಲ್ಲೂ ಹೀಗೆ ಆಯಿತೆಂದರೆ ಹಗರಿ ದಂಡೆಯ ನಮ್ಮ ಹಳ್ಳಿಗಳ ಮಾತೇನು? ಆ ವರ್ಷ ಲೋಕದ ಬಹಳ ಕಡೆ ಲಕ್ವವಾಗಿ ಆಸ್ಪತ್ರೆಗೆ ಬರುವವರ ಸಂಖ್ಯೆ ಕಡಿಮೆಯಾಗಿತ್ತು. ಲಕ್ವ ಕಡಿಮೆಯಾಗಿರಲಿಲ್ಲ, ಬರುವವರು ಕಡಿಮೆಯಾಗಿದ್ದರು.

ಗುರುತು ಹಿಡಿಯುವುದು ಹೇಗೆ?

ಇದಕ್ಕೆ ಯಾವ ಮಿಷನ್ನೂ ಬೇಡ. ಮುಖ, ಕೈ, ಮಾತು, ಇಷ್ಟು ನೋಡಿದರೆ ಸಾಕು. ಹಲ್ಲು ತೋರಿಸಿ ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ, ಒಂದು ಕೈ ತಾನಾಗಿ ಕೆಳಗೆ ಜಾರುತ್ತದೆಯೇ ನೋಡಿ. ತಮ್ಮ ಹೆಸರು, ಊರು ಹೇಳಲು ಹೇಳಿ, ಮಾತು ತೊದಲುತ್ತದೆಯೇ, ಕೇಳಿದ್ದೊಂದು ಹೇಳುವುದೊಂದು ಆಗುತ್ತದೆಯೇ ಗಮನಿಸಿ. ಇವುಗಳಲ್ಲಿ ಒಂದೇ ಒಂದು ಇದ್ದಕ್ಕಿದ್ದಂತೆ ಕಂಡರೂ ಹೊರಡಬೇಕು. ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಿರುವುದು, ನಿಲ್ಲಲಾರದೆ ತೂರಾಡುವುದು, ಹಿಂದೆಂದೂ ಬಾರದಂಥ ಸಿಡಿಯುವ ತಲೆನೋವು ಬರುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಕೆಲವರಿಗೆ ಹೀಗೆ ಆಗಿ ಹತ್ತು ನಿಮಿಷದಲ್ಲಿ, ಅರ್ಧ ಗಂಟೆಯಲ್ಲಿ ಪೂರ್ತಿ ಸರಿಹೋಗುತ್ತದೆ. ಗಾಳಿ ಸೋಕಿತ್ತು, ದೃಷ್ಟಿ ತೆಗೆದ ಮೇಲೆ ಹೋಯಿತು ಎಂದು ಸುಮ್ಮನಾಗುತ್ತಾರೆ. ಅದು ಹೋದದ್ದಲ್ಲ, ಬರುತ್ತೇನೆ ಎಂದು ಹೇಳಿ ಹೋದದ್ದು. ದೊಡ್ಡ ಲಕ್ವ ಕೆಲವೇ ದಿನಗಳಲ್ಲಿ ಬರಬಹುದು. ಸರಿಹೋಗಿದ್ದರೂ ಅದೇ ದಿನ ಡಾಕ್ಟರರಿಗೆ ತೋರಿಸಲೇಬೇಕು.

ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ದೊಡ್ಡ ನಾಳ ಮುಚ್ಚಿಕೊಂಡವರಲ್ಲಿ ಕೆಲವರಿಗೆ ನಾಳದೊಳಗೆ ತೆಳ್ಳನೆಯ ಕೊಳವೆ ಕಳಿಸಿ ಹೆಪ್ಪನ್ನು ತೆಗೆಯುವ ಚಿಕಿತ್ಸೆಯನ್ನು ಇನ್ನೂ ತಡವಾಗಿ, 24 ಗಂಟೆಯವರೆಗೂ ಮಾಡುವುದುಂಟು. ಆದರೆ ಅದು ದೊಡ್ಡ ಊರುಗಳಲ್ಲಿ, ಕೆಲವೇ ಆಸ್ಪತ್ರೆಗಳಲ್ಲಿ ಮಾತ್ರ ಆಗುವ ಕೆಲಸ.

ಈಗ ನಾಲ್ಕೂವರೆ ಗಂಟೆಯ ಲೆಕ್ಕ ನೋಡೋಣ, ಉಳಿತಾಯದ ಲೆಕ್ಕ ಬರೆಯುವ ಹಾಗೆ. ರಾರಾವಿಯಿಂದ ಸಿರುಗುಪ್ಪಕ್ಕೆ ಗಾಡಿ ಸಿಕ್ಕಿ ತಲುಪಲು ಅರ್ಧ, ಮುಕ್ಕಾಲು ಗಂಟೆ. ಸಿರುಗುಪ್ಪದಿಂದ ತೆಕ್ಕಲಕೋಟೆ ಮೇಲೆ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು, ಅಂದರೆ ಒಂದೂಕಾಲು ಗಂಟೆಯಾದರೂ ಬೇಕು. ಆಸ್ಪತ್ರೆಯಲ್ಲಿ ಚೀಟಿ, ಸ್ಕ್ಯಾನ್, ರಕ್ತ ಪರೀಕ್ಷೆಗೆ ಒಂದು ಗಂಟೆ. ಎಲ್ಲ ಕೂಡಿಸಿದರೆ ಮೂರು ಗಂಟೆ ಆಗಿಹೋಯಿತು. ನಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಮಳೆಗಾಲದಲ್ಲಿ ಹಗರಿ ತುಂಬಿದರೆ ಅದೂ ಇಲ್ಲ. ಆ ಒಂದೂವರೆ ಗಂಟೆಯಲ್ಲಿ ಮಗ ಹೊಲದಿಂದ ಬರಲಿ ಎಂದು ಕಾಯುವುದು, ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳುವುದು, ಪೂಜಾರಿಯ ಹತ್ತಿರ ಹೋಗುವುದು, ಊರಿನ ಆರ್.ಎಂ.ಪಿ. ಬಂದು ಗ್ಲೂಕೋಸ್ ಬಾಟಲಿ ಹಾಕುವುದು ಇವೆಲ್ಲಕ್ಕೆ ಜಾಗವೇ ಇಲ್ಲ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಮೆದುಳಿನ ಒಳಗಿನ ಹೆಪ್ಪಿಗೂ ಚರ್ಮದ ಮೇಲಿನ ರಕ್ತಕ್ಕೂ ಯಾವ ಸಂಬಂಧವೂ ಇಲ್ಲ. ಕೆಲವರಿಗೆ ಗುಣ ಕಂಡಿತು ಎನ್ನುತ್ತೀರಿ. ಸಣ್ಣ ಲಕ್ವವಾದವರಿಗೆ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸ್ವಲ್ಪ ಗುಣ ಬರುತ್ತದೆ, ಆ ಹೆಸರು ಪಾರಿವಾಳಕ್ಕೆ ಹೋಗುತ್ತದೆ. ನಾಟಿ ಔಷಧಿಯವರನ್ನು ನಾವು ಅವಮಾನ ಮಾಡುತ್ತಿಲ್ಲ. ಅವರ ಬಳಿ ಹೋಗುವ ಹಾದಿಯಲ್ಲಿ ಆ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆ ಎಂಬುದೇ ನಮ್ಮ ಚಿಂತೆ.

ಆದ್ದರಿಂದ 108ಕ್ಕೆ ಫೋನ್ ಮಾಡಿ "ಲಕ್ವ ಆಗೈತಿ, ಇಷ್ಟು ಗಂಟೆಗೆ ಶುರುವಾತು" ಎಂದೇ ಹೇಳಿರಿ. ಬರೀ "ಆರಾಮಿಲ್ಲ" ಎಂದರೆ ಅವರಿಗೂ ಅವಸರ ತಿಳಿಯುವುದಿಲ್ಲ. ಮಲಗಿ ಎದ್ದಾಗ ಆಗಿದ್ದರೆ, ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪು ಮಾಡಿ ಹೇಳಿ. ಡಾಕ್ಟರರು ಮೊದಲು ಕೇಳುವುದು ಇದನ್ನೇ. ಗಾಡಿ ಬರುವವರೆಗೆ ಒಂದು ಮಗ್ಗುಲಾಗಿ ಮಲಗಿಸಿ. ನೀರು, ಹಾಲು, ಚಹಾ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಲಕ್ವವಾದವರಿಗೆ ನುಂಗುವ ಶಕ್ತಿ ಹೋಗಿರುತ್ತದೆ, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯೂಮೋನಿಯಾ ಆಗುತ್ತದೆ. ಅವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಒಂದು ಚೀಲಕ್ಕೆ ಹಾಕಿಕೊಳ್ಳಿ. ಈಚೆಗೆ ಜ್ವರ, ಕೆಮ್ಮು, ಕೊರೋನಾ ಬಂದಿದ್ದರೆ ಮುಚ್ಚಿಡದೆ ಹೇಳಿ. ಈಗ ಯಾರೂ ಎಳೆದುಕೊಂಡು ಹೋಗುವುದಿಲ್ಲ.

ಬಾಣಂತಿಯರ ವಿಷಯ

ಲಕ್ವ ಮುದುಕರಿಗೆ ಬರುವುದು ಎಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ದೇಶದಲ್ಲಿ ಎಳೆಯ ಬಾಣಂತಿಯರಿಗೂ ಒಂದು ಬಗೆಯ ಲಕ್ವ ಬರುತ್ತದೆ. ಮೆದುಳಿಗೆ ರಕ್ತ ತರುವ ನಾಳದ ಬದಲು, ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟುವುದರಿಂದ ಇದು ಆಗುತ್ತದೆ. ಬಸಿರಿನಲ್ಲಿ ಮತ್ತು ಹೆರಿಗೆಯ ನಂತರದ ವಾರಗಳಲ್ಲಿ ಹೆಣ್ಣಿನ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ರಕ್ತಹೀನತೆ ಇದ್ದರೆ ಇನ್ನೂ ಕಷ್ಟ. ಅದರ ಮೇಲೆ ನಾವು ಮಾಡುವುದೇನು? ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಶೀತ ಆಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ನೀರು ಕೊಡುವುದು. ಬಳ್ಳಾರಿಯ ಬಿಸಿಲಿನಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಹಾಲೂಡಿಸುವ ತಾಯಿಗೆ! ಕೊರೋನಾ ಕೂಡ ಇದೇ ಬಗೆಯ ಹೆಪ್ಪನ್ನು ಮಾಡಬಲ್ಲದು ಎಂದು ವೈದ್ಯರು ಕಂಡಿದ್ದಾರೆ. ಹಾಗಾಗಿ ಬಾಣಂತಿಗೆ ಜ್ವರ ಬಂದರೆ ಎರಡರಷ್ಟು ಎಚ್ಚರ ಬೇಕು.

ಬಾಣಂತಿಗೆ ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್ ಬರುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ "ಬಾಣಂತಿ ಸನ್ನಿ" ಎಂದು ತಾಯತ ಕಟ್ಟಿಸುತ್ತಾ ಕೂರಬೇಡಿ. ಸಮಯಕ್ಕೆ ಹೋದರೆ ಈ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಸಂಘದಲ್ಲಿರುವ ಅತ್ತೆಯಂದಿರು ಈ ಮಾತನ್ನು ತಮ್ಮ ಮನೆಯಲ್ಲಿ ಮೊದಲು ನಡೆಸಿದರೆ ಸೊಸೆಯಂದಿರಿಗೆ ಬಲ ಬಂದೀತು. ಕಾದಾರಿಸಿದ ನೀರು, ಗಂಜಿ, ಮಜ್ಜಿಗೆ ಕೇಳಿದಷ್ಟು ಕೊಡಿ.

ನರಗಳ ಬೇರೆ ತೊಂದರೆಗಳು

ಕೊರೋನಾ ಅಥವಾ ಬೇರೆ ಸೋಂಕು ವಾಸಿಯಾದ ಒಂದು, ಎರಡು, ಮೂರು ವಾರದಲ್ಲಿ ಎರಡೂ ಪಾದ ಜುಮುಗುಟ್ಟಿ, ಶಕ್ತಿ ಹೋಗುತ್ತಾ, ಸೋಲು ಕಾಲಿನಿಂದ ಮೇಲೆ ಕೈಗೆ ಏರತೊಡಗಿದರೆ ಅದು ಲಕ್ವವಲ್ಲ. ಅದನ್ನು ಗಿಲ್ಲನ್ ಬಾರೆ ಕಾಯಿಲೆ ಎನ್ನುತ್ತಾರೆ. ದೇಹದ ರಕ್ಷಣಾ ಶಕ್ತಿಯೇ ತಪ್ಪಿ ನರಗಳ ಮೇಲೆ ಬೀಳುವುದರಿಂದ ಇದು ಆಗುತ್ತದೆ. ಅಪರೂಪ, ಆದರೆ ಉಸಿರಾಟದ ಸ್ನಾಯುಗಳಿಗೆ ತಲುಪಿದರೆ ಅಪಾಯ. ಸುಸ್ತು ಎಂದು ಮಲಗಿಸದೆ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು.

ಮುಖದ ನರ ಒಂದೇ ಸೋತು ಬಾಯಿ ಸೊಟ್ಟಗಾಗುವುದೂ ಇದೆ. ಅದರಲ್ಲಿ ಹಣೆಯೂ ಸುಕ್ಕಾಗುವುದಿಲ್ಲ, ಆ ಕಡೆಯ ಕಣ್ಣು ಮುಚ್ಚುವುದಿಲ್ಲ. ಆದರೆ ಇದು ಅದು ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ವಯಸ್ಸಾದವರಿಗೆ ಕೊರೋನಾ ಬಂದಾಗ ಕೆಲವೊಮ್ಮೆ ಜ್ವರ, ಕೆಮ್ಮು ಏನೂ ಇಲ್ಲದೆ ಬರೀ ಗೊಂದಲವೇ ಮೊದಲ ಲಕ್ಷಣವಾಗಿತ್ತು. ಹಗಲು ರಾತ್ರಿ ತಿಳಿಯದೆ ಮಾತಾಡುವುದು, ಮನೆಯವರ ಗುರುತು ತಪ್ಪುವುದು. "ಅರಳು ಮರಳು" ಎಂದು ಬಿಟ್ಟ ಮನೆಗಳಿವೆ. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಇವತ್ತು ಹೀಗಾದರೆ ಅದು ವಯಸ್ಸಲ್ಲ, ಕಾಯಿಲೆ. ಆಮ್ಲಜನಕ, ಸಕ್ಕರೆ, ಉಪ್ಪಿನ ಅಂಶ ಯಾವುದಾದರೂ ಇಳಿದಿರಬಹುದು.

ವಾಸನೆ ಹೋದದ್ದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಹೆಚ್ಚಿನವರಿಗೆ ವಾರಗಳಲ್ಲಿ ವಾಪಸ್ ಬಂತು. ಯಾರಿಗಾದರೂ ಇನ್ನೂ ಸರಿಯಾಗಿ ಬಂದಿಲ್ಲವಾದರೆ ಗ್ಯಾಸ್ ಸಿಲಿಂಡರ್ ಬಗ್ಗೆ ಜೋಪಾನ, ಸೋರಿದರೆ ಅವರಿಗೆ ಗೊತ್ತಾಗುವುದಿಲ್ಲ. ಇನ್ನು ಮರೆವು. ಸಂಘದ ಪುಸ್ತಕ ಬರೆಯುವವರು "ಮೊದಲು ಬಾಯಲ್ಲೇ ಬಡ್ಡಿ ಲೆಕ್ಕ ಹೇಳ್ತಿದ್ದೆ, ಕೊರೋನಾ ಆದ ಮ್ಯಾಲೆ ತಲೆ ಮಂಕಾಗೈತಿ" ಎಂದು ಹೇಳಿದ್ದನ್ನು ನಾವು ಕೇಳಿದ್ದೇವೆ. ಇದು ಸೋಮಾರಿತನವಲ್ಲ, ನೆಪವಲ್ಲ. ಲೋಕದ ಎಲ್ಲ ಕಡೆ ಕಂಡಿದೆ. ಬಹಳ ಜನರಿಗೆ ತಿಂಗಳುಗಳಲ್ಲಿ ನಿಧಾನವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಇನ್ನೊಬ್ಬರು ಜೊತೆ ಕೂತು ಲೆಕ್ಕ ನೋಡಿದರೆ ಅವರ ಮರ್ಯಾದೆ ಉಳಿಯುತ್ತದೆ.

2021ರ ಮೇ ತಿಂಗಳಲ್ಲಿ ಕೇಳಿಬಂದ ಕಪ್ಪು ಶಿಲೀಂಧ್ರವೂ ಮೆದುಳಿನ ಕಥೆಯೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಸ್ಟೀರಾಯ್ಡ್ ಹೆಚ್ಚಾದವರಿಗೆ ಅದು ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ಏರಿತು, ರಕ್ತನಾಳಗಳನ್ನೇ ಮುಚ್ಚಿ ಲಕ್ವವನ್ನೂ ಮಾಡಿತು. ಡಾಕ್ಟರರ ಚೀಟಿ ಇಲ್ಲದೆ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತರುವ ಅಭ್ಯಾಸ ಇಂದಿಗೂ ಹೋಗಿಲ್ಲ. ಮಂಡಿ ನೋವಿಗೆ ತರುತ್ತೀರಿ, ಗೊತ್ತಿದೆ!

ಲಸಿಕೆಯಿಂದ ಲಕ್ವ ಬಂತೇ?

ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬಾರದು. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಹೆಪ್ಪುಗಟ್ಟುವ ಒಂದು ಅಡ್ಡ ಪರಿಣಾಮ ಇದ್ದದ್ದು ನಿಜ. ಅದು ಅತಿ ಅಪರೂಪ, ಲಕ್ಷಾಂತರ ಡೋಸುಗಳಲ್ಲಿ ಕೆಲವರಿಗೆ ಮಾತ್ರ. ಬಂದರೂ ಲಸಿಕೆ ಹಾಕಿದ ಮೊದಲ ಕೆಲವು ವಾರಗಳಲ್ಲೇ ಬರುತ್ತಿತ್ತು. 2024ರಲ್ಲಿ ಇದರ ಬಗ್ಗೆ ಬ್ರಿಟನ್ನಿನ ಕೋರ್ಟಿನ ಸುದ್ದಿ ಬಂದಾಗ ನಮ್ಮಲ್ಲೂ ಗಾಬರಿಯಾಯಿತು. ಆದರೆ ಇಂಗ್ಲೆಂಡಿನಲ್ಲಿ ಲಸಿಕೆ ಪಡೆದ ಸುಮಾರು 2 ಕೋಟಿ 90 ಲಕ್ಷ ಜನರ ದಾಖಲೆ ನೋಡಿ 2021ರಲ್ಲೇ ವೈದ್ಯರು ಹೇಳಿದ್ದರು: ಹೆಪ್ಪುಗಟ್ಟುವ ಅಪಾಯ ಲಸಿಕೆಗಿಂತ ಕೊರೋನಾ ಕಾಯಿಲೆಯಿಂದಲೇ ಬಹಳ ಹೆಚ್ಚು. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಎದ್ದಾಗಲೂ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೆ ಸಂಬಂಧವಿಲ್ಲ ಎಂದೇ ವರದಿ ಕೊಟ್ಟಿತು. ನಾಲ್ಕು ವರ್ಷದ ಹಿಂದೆ ಹಾಕಿಸಿಕೊಂಡ ಲಸಿಕೆಯಿಂದ ಇವತ್ತು ಕೈ ಬೀಳುವುದಿಲ್ಲ.

ಬಿ.ಪಿ. ಮಾತ್ರೆ ಮತ್ತು ನಾಟಿ ಕಾಲ

ಕೊರೋನಾ ಪೂರ್ತಿ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ತುರ್ತು ಸ್ಥಿತಿ ಮುಗಿಯಿತು ಎಂದಿತು, ಆದರೂ 2025ರ ಮೇ, ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಮತ್ತೆ ಸ್ವಲ್ಪ ಕಾಣಿಸಿಕೊಂಡಿತು. ಅದು ಬಂದಾಗ ಯಾರ ಮೆದುಳಿಗೆ ಪೆಟ್ಟು ಕೊಡುತ್ತದೆ ಎಂಬುದು ಬಹಳಮಟ್ಟಿಗೆ ಬಿ.ಪಿ., ಸಕ್ಕರೆ, ತಂಬಾಕು ಇವುಗಳ ಮೇಲೆ ನಿಂತಿದೆ. 30 ವರ್ಷ ದಾಟಿದ ಎಲ್ಲರ ಬಿ.ಪಿ., ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಉಪಕೇಂದ್ರದಲ್ಲಿ ದುಡ್ಡಿಲ್ಲದೆ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ.

ಆದರೆ ಮಾತ್ರೆ ನಿಲ್ಲುವುದು ಯಾವಾಗ ಎಂದು ನಾವು ಗಮನಿಸಿದ್ದೇವೆ. ಸಸಿ ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲು ಒಂದು ದಿನ ಸಿಗುವುದಿಲ್ಲ. ತಲೆ ಸುತ್ತು ಇಲ್ಲ, ಚೆನ್ನಾಗಿದ್ದೇನೆ, ಇನ್ನು ಯಾಕೆ ಎಂದು ಬಿಡುವವರೂ ಇದ್ದಾರೆ. ಬಿ.ಪಿ.ಗೆ ನೋವಿಲ್ಲ, ಅದೇ ಅದರ ಮೋಸ. ಒಂದು ಸಂಘದವರು ಒಳ್ಳೆಯ ಉಪಾಯ ಮಾಡಿಕೊಂಡಿದ್ದಾರೆ. ಸೀಜನ್ ಶುರುವಾಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು, ಯಾರ ಮಾತ್ರೆ ಯಾವಾಗ ಮುಗಿಯುತ್ತದೆ ಎಂದು ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿದ್ದಾರೆ. ಸರದಿಯಲ್ಲಿ ಯಾರಾದರೊಬ್ಬರು ಆಶಾ ಅವರ ಜೊತೆ ಹೋಗಿ ಎಲ್ಲರ ಮಾತ್ರೆ ವಿಚಾರಿಸುತ್ತಾರೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಕಡಿಮೆ ಮಾಡಿ ಎಂದರೆ ನೀವು ನಗುತ್ತೀರಿ, ಆದರೂ ಹೇಳುತ್ತೇವೆ. ಕಡ್ಡಿಪುಡಿ, ಎಲೆಅಡಿಕೆ ಜೊತೆಯ ತಂಬಾಕು ಹೆಂಗಸರದ್ದೂ ಹೌದು ಎಂಬುದನ್ನು ಮರೆಯಬೇಡಿ.

ಮನೆಗೆ ಬಂದ ಮೇಲೆ

ಲಕ್ವವಾಗಿ ಮನೆಗೆ ಬಂದವರಿಗೆ ಮೊದಲ ಮೂರರಿಂದ ಆರು ತಿಂಗಳು ಬಹಳ ಮುಖ್ಯ. ಹೆಚ್ಚಿನ ಸುಧಾರಣೆ ಆಗುವುದು ಆಗಲೇ. ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಯವರು ಕಲಿಸಿದ ವ್ಯಾಯಾಮವನ್ನು ಮನೆಯವರು ಕಲಿತು ದಿನವೂ ಮಾಡಿಸಬೇಕು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೂರಿಸಿಯೇ ತುತ್ತು ಕೊಡಿ, ಗಟ್ಟಿ ಗಂಜಿಯಂಥದ್ದು ನೀರಿಗಿಂತ ಸುಲಭವಾಗಿ ಇಳಿಯುತ್ತದೆ. ಡಾಕ್ಟರರು ಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಕೇಳದೆ ನಿಲ್ಲಿಸಿದರೆ ಎರಡನೇ ಲಕ್ವ ಬರಬಹುದು, ಎರಡನೆಯದು ಮೊದಲಿನಷ್ಟು ಬಿಡುವುದಿಲ್ಲ.

ಸಾಲಕ್ಕೆ ಓಡುವ ಮೊದಲು ಒಂದು ವಿಚಾರಣೆ ಮಾಡಿ. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು, ತುರ್ತು ಇದ್ದಾಗ ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಸೇರಿಸುವಾಗಲೇ ಆರೋಗ್ಯ ಮಿತ್ರ ಎಲ್ಲಿದ್ದಾರೆ ಎಂದು ಕೇಳಿ. ಡಿಸ್ಚಾರ್ಜ್ ಆದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ. ತಿಂಗಳುಗಳ ನಂತರವೂ ಕೈಕಾಲು ಬಾರದಿದ್ದರೆ ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಬಹುದು. ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ರೋಗಿಯನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳ ಬಗ್ಗೆಯೂ ಕೇಳಬೇಕು. ಮಲಗಿದವರನ್ನು ಎಲ್ಲರೂ ವಿಚಾರಿಸುತ್ತಾರೆ, ಅವರನ್ನು ಎತ್ತುವವಳನ್ನು ಯಾರೂ ವಿಚಾರಿಸುವುದಿಲ್ಲ. ಲಕ್ವವಾದವರಿಗೂ, ನೋಡಿಕೊಳ್ಳುವವರಿಗೂ ಮನಸ್ಸು ಕುಗ್ಗುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. 14416 ನಂಬರಿಗೆ ಫೋನ್ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ವಾರಕ್ಕೆ ಒಂದು ಮಧ್ಯಾಹ್ನ ಸಂಘದ ಒಬ್ಬರು ಹೋಗಿ ರೋಗಿಯ ಪಕ್ಕ ಕೂತರೆ, ಆ ಮನೆಯಾಕೆ ಸಭೆಗೆ ಬರಲು ಆದೀತು. ಮುಂದಿನ ತಿಂಗಳ ಸಭೆಗೆ ನಾವು ಬಂದಾಗ ಮುಖ, ಕೈ, ಮಾತು ನೋಡುವುದನ್ನು ಒಬ್ಬೊಬ್ಬರಿಂದಲೂ ಮಾಡಿಸುತ್ತೇವೆ. ನಿಮ್ಮ ಊರಿನ ಗಾಡಿ ಇರುವವರ ಎರಡು ಫೋನ್ ನಂಬರು ಅಷ್ಟರಲ್ಲಿ ಬರೆದಿಟ್ಟುಕೊಂಡಿರಿ. 108 ತಡವಾದರೆ ಅವೇ ಬೇಕಾಗುತ್ತವೆ.